ಮನಸ್ಸು ಓದುವ ಕಸುಬು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸೆರಾ ಜೇ ಮಠದ ಅಂಗಳ ತುಂಬಿತೆಂದರೆ ಚಪ್ಪಾಳೆಯ ಸದ್ದು ದೂರದವರೆಗೂ ಕೇಳಿಸುತ್ತದೆ. ಕಡುಗೆಂಪು ಬಟ್ಟೆಯ ಭಿಕ್ಷುಗಳು ಜೋಡಿ ಜೋಡಿಯಾಗಿ ಹರಡಿಕೊಂಡಿರುತ್ತಾರೆ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ಅವನೆದುರು ನಿಂತಿರುತ್ತಾನೆ. ಪ್ರಶ್ನೆ ಹಾಕುವುದು ನಿಂತವನ ಕೆಲಸ. ಪ್ರಶ್ನೆ ಮುಗಿಯುವ ಹೊತ್ತಿಗೆ ಅವನು ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಕೂತವನ ಮುಖದ ಹತ್ತಿರವೇ ಬಲಗೈಯನ್ನು ಎಡಗೈ ಮೇಲೆ ಬಡಿಯುತ್ತಾನೆ. ಉತ್ತರಿಸುವವನಿಗೆ ಉದ್ದುದ್ದ ಮಾತಾಡುವ ಅವಕಾಶವಿಲ್ಲ. ಒಪ್ಪಿದೆ, ಯಾಕೆ, ನೀನು ಕೊಟ್ಟ ಹೇತು ಸಿದ್ಧವಾಗಿಲ್ಲ, ಹೇತುವಿಗೂ ತೀರ್ಮಾನಕ್ಕೂ ವ್ಯಾಪ್ತಿಯಿಲ್ಲ. ಹೆಚ್ಚುಕಡಿಮೆ ಇಷ್ಟರಲ್ಲೇ ಅವನು ತನ್ನನ್ನು ಕಾಪಾಡಿಕೊಳ್ಳಬೇಕು. ಹಿಂದೆ ಆಡಿದ ಮಾತಿಗೆ ತಾನೇ ವಿರುದ್ಧ ನುಡಿದು ಸಿಕ್ಕಿಬಿದ್ದರೆ ಎದುರಿನವನು ‘ತ್ಸಾ’ ಎಂದು ಕೂಗುತ್ತಾನೆ, ಸುತ್ತ ನಿಂತವರೂ ದನಿಗೂಡಿಸುತ್ತಾರೆ. ಗೊತ್ತಿಲ್ಲದವರ ಕಣ್ಣಿಗೆ ಇದು ಥೇಟ್ ಜಗಳ. ವಾದ ಮುಗಿದ ಮೇಲೆ ಅದೇ ಇಬ್ಬರು ನಗುತ್ತಾ ಎದ್ದು ಹೋಗುತ್ತಾರೆ.

ಲಾಸಾ ಬಳಿ 1419ರಲ್ಲಿ ಸ್ಥಾಪನೆಯಾದ ಸೆರಾ ಮಠ ಇಲ್ಲಿ ಮತ್ತೆ ತಲೆಯೆತ್ತಿದ್ದು 1970ರ ಸುಮಾರಿಗೆ. ಅದಕ್ಕೂ ಮುಂಚೆ ಮೈಸೂರು ರಾಜ್ಯ ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತ್ತು. ಈಗ ಇಲ್ಲಿ ಗೆಶೆ ಪದವಿಗೆ ಓದುವ ಭಿಕ್ಷು ಹದಿನೈದು ವರ್ಷಕ್ಕೂ ಮೀರಿ ಈ ಅಂಗಳದಲ್ಲಿ ವಾದ ಮಾಡುತ್ತಲೇ ಇರಬೇಕು. ಗಲಾಟೆಯ ನಡುವೆ, ನಾಲ್ಕು ಜನರ ಎದುರು, ಸೋಲುವ ಅಂಜಿಕೆ ಇರುವಾಗಲೂ ಯೋಚನೆಯ ಎಳೆ ತಪ್ಪದಂತೆ ಕೂರುವುದನ್ನು ಅವನು ದಿನವೂ ರೂಢಿ ಮಾಡುತ್ತಾನೆ.

ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮರೀಕೆ ವ್ಯಾನ್ ವುಗ್ಟ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಮಠದ ಭಿಕ್ಷುಗಳೂ ಸಂಶೋಧಕರಾಗಿ ಆ ತಂಡದಲ್ಲಿದ್ದರು. ವಾದಕ್ಕಿಳಿದ ಇಬ್ಬರ ತಲೆಗೂ ಇಇಜಿ ಟೋಪಿ ತೊಡಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ಏಕಕಾಲಕ್ಕೆ ದಾಖಲಿಸಿದರು. ಹೊರಗಿನ ಸದ್ದುಗದ್ದಲ ಬಿಟ್ಟು ಒಂದೇ ವಿಷಯದಲ್ಲಿ ಮುಳುಗಿದಾಗ ಹಣೆಯ ಭಾಗದಲ್ಲಿ ‘ಆಲ್ಫಾ’ ಎಂಬ ಅಲೆಗಳು ಹೆಚ್ಚುತ್ತವೆ. ವಾದ ಮುಂದುವರಿದಂತೆ ಈ ಅಲೆಗಳು ಏರಿದವು, ಹೊಸಬರಿಗಿಂತ ಅನುಭವಿ ಭಿಕ್ಷುಗಳಲ್ಲಿ ಹೆಚ್ಚು ಏರಿದವು. ಇನ್ನೊಂದು ಸಂಗತಿಯೂ ಕಂಡಿತು. ಇಬ್ಬರೂ ಒಂದು ಮಾತಿಗೆ ಒಪ್ಪಿದ ಗಳಿಗೆಗಳಲ್ಲಿ ಇಬ್ಬರ ಮಿದುಳಿನ ಅಲೆಗಳು, ಒಪ್ಪದ ಗಳಿಗೆಗಳಿಗಿಂತ ಹೆಚ್ಚಾಗಿ ಒಂದೇ ತಾಳಕ್ಕೆ ಬರುತ್ತಿದ್ದವು. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೂ ಒತ್ತಡದಲ್ಲಿ ಸಮಾಧಾನವಾಗಿರುವುದು ಹುಟ್ಟಿನಿಂದ ಬರುವ ವರ ಎಂದು ನಂಬಿಕೊಂಡವರಿಗೆ ಈ ಅಂಗಳ ಒಳ್ಳೆಯ ಉತ್ತರ. ಅದು ಅಭ್ಯಾಸದಿಂದ ಬರುತ್ತದೆ, ದಿನದಿನವೂ ಬರುತ್ತದೆ, ಇನ್ನೊಬ್ಬರ ಎದುರು ಕೂತಾಗ ಬರುತ್ತದೆ.

ಈ ಶಕ್ತಿಗೆ ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಹೆಸರಿದೆ. 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ತಮ್ಮ ಲೇಖನವೊಂದರಲ್ಲಿ ಅದನ್ನು ಶಾಸ್ತ್ರೀಯವಾಗಿ ವಿವರಿಸಿದರು. ತನ್ನ ಮತ್ತು ಇತರರ ಭಾವನೆಯನ್ನು ಗುರುತಿಸುವುದು, ಅದನ್ನು ಯೋಚನೆಗೆ ಬಳಸಿಕೊಳ್ಳುವುದು, ಒಂದು ಭಾವನೆ ಇನ್ನೊಂದಾಗಿ ಹೇಗೆ ಬೆಳೆಯುತ್ತದೆಂದು ಅರಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ಈ ನಾಲ್ಕು ಮೆಟ್ಟಿಲುಗಳಲ್ಲಿ ಅವರು ಮುಂದೆ ಅದನ್ನು ಅಳೆಯಲು ಹೊರಟರು. 1995ರಲ್ಲಿ ಡೇನಿಯಲ್ ಗೋಲ್ಮನ್ ಬರೆದ ಪುಸ್ತಕ ಈ ಮಾತನ್ನು ಜಗತ್ತಿನ ಕಚೇರಿಗಳಿಗೆಲ್ಲ ಮುಟ್ಟಿಸಿತು. ಅದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಹಬ್ಬಿತು. ಬದುಕಿನ ಯಶಸ್ಸಿನಲ್ಲಿ ಐಕ್ಯೂ ಪಾಲು ಸುಮಾರು ಶೇಕಡ 20 ಎಂದು ಗೋಲ್ಮನ್ ಬರೆದಿದ್ದರು. ಉಳಿದ 80 ಪೂರ್ತಿ ಭಾವನಾತ್ಮಕ ಬುದ್ಧಿಮತ್ತೆಯದೇ ಎಂದು ತರಬೇತಿದಾರರು ಪ್ರಚಾರ ಮಾಡಿದರು. ಗೋಲ್ಮನ್ ಅವರೇ ಮುಂದೆ ಅದನ್ನು ಅಲ್ಲಗಳೆಯಬೇಕಾಯಿತು. ಹುಟ್ಟಿದ ಮನೆ, ಓದಿದ ಶಾಲೆ, ಅದೃಷ್ಟ ಎಲ್ಲವೂ ಆ ಉಳಿದ ಪಾಲಿನಲ್ಲಿವೆ.

ಹಾಗಾದರೆ ಕೆಲಸದಲ್ಲಿ ಭಾವನಾತ್ಮಕ ಬುದ್ಧಿಮತ್ತೆಗೆ ನಿಜವಾಗಿ ಬೆಲೆ ಇದೆಯೇ? 2010ರಲ್ಲಿ ಸಂಶೋಧಕರಾದ ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಉತ್ತರ ಖಚಿತವಾಗಿತ್ತು. ಜನರ ಜೊತೆ ಒಡನಾಡುತ್ತ, ಮನಸ್ಸಿನಲ್ಲೇನಿದ್ದರೂ ಮುಖ ಸಮಾಧಾನವಾಗಿಟ್ಟುಕೊಳ್ಳಬೇಕಾದ ಕೆಲಸಗಳಲ್ಲಿ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಯಂತ್ರದ ಎದುರು ಒಬ್ಬರೇ ಕೂರುವ ಕೆಲಸಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಸಮಸ್ಯೆಯೆಂದರೆ, ಎರಡನೆಯ ಬಗೆಯ ಕೆಲಸಗಳನ್ನು ಯಂತ್ರಗಳೇ ನುಂಗುತ್ತಿವೆ. ಹಾರ್ವರ್ಡಿನ ಅರ್ಥಶಾಸ್ತ್ರಜ್ಞ ಡೇವಿಡ್ ಡೆಮಿಂಗ್ 2017ರಲ್ಲಿ ತೋರಿಸಿದಂತೆ, 1980ರಿಂದ 2012ರ ನಡುವೆ ಅಮೆರಿಕದ ಒಟ್ಟು ಉದ್ಯೋಗಗಳಲ್ಲಿ ಜನರೊಂದಿಗೆ ಹೆಚ್ಚು ವ್ಯವಹರಿಸಬೇಕಾದ ಕೆಲಸಗಳ ಪಾಲು ಸುಮಾರು 12 ಶೇಕಡಾಂಶ ಬೆಳೆಯಿತು. ಗಣಿತ ಬಲ್ಲವರಿಗೆ ಮೀಸಲಾಗಿದ್ದು, ಜನರ ಸಹವಾಸ ಬೇಡದ ಕೆಲಸಗಳ ಪಾಲು ಕುಗ್ಗಿತು. ಅವರ ವಿವರಣೆ ಸರಳ. ಒಂದು ತಂಡದಲ್ಲಿ ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅದನ್ನು ಅವರು ಮಾಡಿ, ಉಳಿದದ್ದನ್ನು ಪರಸ್ಪರ ಹಂಚಿಕೊಂಡರೆ ಎಲ್ಲರ ಕೆಲಸವೂ ಹಗುರ. ಹಂಚಿಕೊಳ್ಳುವಾಗ ಕೇಳಬೇಕು, ಹೇಳಬೇಕು, ಒಪ್ಪಿಸಬೇಕು, ಕೆಲವೊಮ್ಮೆ ಸೋಲಬೇಕು. ಇದು ಬರುವವರ ನಡುವೆ ಹಂಚಿಕೆಯ ಖರ್ಚು ಕಡಿಮೆಯಾಗುತ್ತದೆ. ವಿಶ್ವ ಆರ್ಥಿಕ ವೇದಿಕೆಯ 2025ರ ಉದ್ಯೋಗ ವರದಿಯಲ್ಲಿ ಮಾಲೀಕರು ಅತಿ ಮುಖ್ಯವೆಂದು ಗುರುತಿಸಿದ ಹತ್ತು ಕೌಶಲಗಳಲ್ಲಿ ಸಹಾನುಭೂತಿ ಮತ್ತು ಗಮನವಿಟ್ಟು ಕೇಳುವಿಕೆ ಒಂದು. 2030ರೊಳಗೆ ಈಗಿನ ಮುಖ್ಯ ಕೌಶಲಗಳಲ್ಲಿ ಶೇಕಡ 39ರಷ್ಟು ಬದಲಾಗುತ್ತವೆ ಎಂದೂ ಅದು ಅಂದಾಜಿಸಿದೆ.

ಕೆ.ಆರ್. ನಗರದಲ್ಲಿ ಬೆಳಗಿನ ರೈಲು ಹತ್ತಿ ಮೈಸೂರಿನ ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳಿಗೆ ಹೋಗುವ ಹುಡುಗ ಹುಡುಗಿಯರಿಗೆ ಈ ಬದಲಾವಣೆ ವರದಿ ಓದದೆಯೇ ಗೊತ್ತು. ಡಿಪ್ಲೊಮಾ ಅಂಕಪಟ್ಟಿಯನ್ನು ಒಂದು ನೋಟ ನೋಡಿ ಪಕ್ಕಕ್ಕಿಡುವ ಸಂದರ್ಶಕರು ಆಮೇಲೆ ಕೇಳುವ ಪ್ರಶ್ನೆಯೇ ಬೇರೆ: ಜೊತೆಯವರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ? ಹತ್ತು ವರ್ಷ ಪಾಠದ ಪ್ರಶ್ನೋತ್ತರ ಬಾಯಿಪಾಠ ಮಾಡಿ ಬಂದವರಿಗೆ ಇದಕ್ಕೆ ತಯಾರಿ ಕೊಟ್ಟವರಾರು?

ವಿಚಿತ್ರವೆಂದರೆ, ಶಾಲೆಗಳು ಕಲಿಸದ ಈ ವಿದ್ಯೆ ಪಿರಿಯಾಪಟ್ಟಣ, ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ ಎಂಬ ಇದೇ ನಾಲ್ಕು ತಾಲ್ಲೂಕುಗಳ ಕಾಡಿನಂಚಿನಲ್ಲಿ ಪೂರ್ಣ ಪ್ರಮಾಣದ ಕಸುಬಾಗಿ ಬದುಕಿದೆ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಪ್ರತಿ ವರ್ಷ ದಸರಾ ಆನೆಗಳ ಗಜಪಯಣ ಹೊರಡುತ್ತದೆ. ಎಲ್ಲರ ಕಣ್ಣು ಆನೆಯ ಮೇಲೆ. ಅದರ ಕಿವಿಯ ಹಿಂದೆ ಕೂತ ಮಾವುತರ, ಪಕ್ಕದಲ್ಲಿ ನಡೆಯುವ ಕಾವಾಡಿಗಳ ಮುಖವನ್ನು ಗಮನಿಸುವವರು ಕಡಿಮೆ. ಅವರಲ್ಲಿ ಬಹುಪಾಲು ಜೇನು ಕುರುಬರು. ಕಾವಾಡಿಯಾಗಿ ಸೇರಿದ ಹುಡುಗ ವರ್ಷಗಟ್ಟಲೆ ಅಪ್ಪನದೋ ಮಾವನದೋ ಕೈಕೆಳಗೆ ದುಡಿದು ಮಾವುತನಾಗುತ್ತಾನೆ. ರಾತ್ರಿ ಮೇಯಲು ಕಾಡಿಗೆ ಬಿಟ್ಟ ಶಿಬಿರದ ಆನೆಯನ್ನು ಬೆಳಿಗ್ಗೆ ಹುಡುಕಿ ತರುವುದು ಅವನ ಮೊದಲ ಪಾಠ. ಕಾಲಿನ ಸರಪಳಿ ನೆಲದ ಮೇಲೆ ಎಳೆದ ಗೆರೆ, ಮುರಿದ ಕೊಂಬೆ, ಲದ್ದಿಯ ಬಿಸಿ, ಇವೆಲ್ಲ ಅವನಿಗೆ ಅಕ್ಷರಗಳು. ಆಮೇಲೆ ಆನೆಯ ಮೈಯನ್ನೇ ಓದಬೇಕು. ಕಿವಿ ಬೀಸುವುದು ನಿಂತಿದೆಯೇ, ಸೊಂಡಿಲ ತುದಿ ಯಾವ ಕಡೆ ತಿರುಗಿದೆ, ಕಣ್ಣಿಗೂ ಕಿವಿಗೂ ನಡುವಿನ ಕಪೋಲ ಗ್ರಂಥಿ ಊದಿಕೊಂಡಿದೆಯೇ, ಅಲ್ಲಿಂದ ಜಿನುಗುವ ದ್ರವ ಕೆನ್ನೆಗಿಳಿದಿದೆಯೇ. ಮದ ಬಂದ ಸಲಗದ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನು ಹಲವು ಪಟ್ಟು ಏರುತ್ತದೆ. ಪ್ರಯೋಗಾಲಯಕ್ಕೆ ರಕ್ತ ಕಳಿಸಿ ಫಲಿತಾಂಶಕ್ಕೆ ಕಾಯುವ ವ್ಯವಧಾನ ಮಾವುತರಿಗಿಲ್ಲ. ಇಂದು ಸ್ನಾನಕ್ಕೆ ಇಳಿಸಬೇಕೋ ದೂರ ನಿಲ್ಲಬೇಕೋ ಎಂಬುದನ್ನು ಅವರು ನೋಡಿದ ಕ್ಷಣದಲ್ಲಿ ತೀರ್ಮಾನಿಸಬೇಕು.

ಎಚ್.ಡಿ. ಕೋಟೆಯ ಬಳ್ಳೆ ಶಿಬಿರದ ಅರ್ಜುನನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಆನೆ ಅದು. 1990ರ ದಶಕದಲ್ಲಿ ಮಾವುತರೊಬ್ಬರ ಸಾವಿಗೆ ಕಾರಣವಾದ ಎಂಬ ಆರೋಪ ಹೊತ್ತು ವರ್ಷಗಟ್ಟಲೆ ದಸರಾದಿಂದ ದೂರ ಉಳಿದ. ಅದೇ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ, 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು, ಲಕ್ಷಾಂತರ ಜನರ ಕೂಗಾಟದ ನಡುವೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆದ. ಆ ಬದಲಾವಣೆಯ ಹಿಂದೆ ಅಂಕುಶಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಅವನನ್ನು ನೋಡಿಕೊಂಡವರ ತಾಳ್ಮೆ. ಕುಸುರೆ ತಿನ್ನಿಸುತ್ತ, ಮೈ ತಿಕ್ಕುತ್ತ, ಮಾತಾಡಿಸುತ್ತ, ಮೊದಲು ಮರಳಿನ ಮೂಟೆ ಹೊರಿಸಿ, ಕುಶಾಲತೋಪಿನ ಸದ್ದಿಗೆ ಹತ್ತಿರ ಹತ್ತಿರ ಕರೆದೊಯ್ದು, ಬೆಚ್ಚಿದಾಗ ಬೈಯದೆ ಪಕ್ಕದಲ್ಲೇ ನಿಂತು ಕಲಿಸುವ ಕ್ರಮ ಅದು. ಹೆದರಿಕೆಯನ್ನು ಸ್ವಲ್ಪ ಸ್ವಲ್ಪವೇ ಎದುರುಗೊಳಿಸಿ ಕಳೆಯುವ ಈ ವಿಧಾನವನ್ನು ಮನೋವೈದ್ಯರು ಮನುಷ್ಯರ ಭಯಕ್ಕೂ ಬಳಸುತ್ತಾರೆ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತಾಗ ನಾಡಿಗೆ ನಾಡೇ ಮರುಗಿತು. ಮಾವುತರ ದುಃಖ ಮಾತ್ರ ಮನೆಯ ಮಗನನ್ನು ಕಳೆದುಕೊಂಡವರ ದುಃಖವಾಗಿತ್ತು.

ಮಾವುತರ ಈ ವಿದ್ಯೆಗೆ ಪ್ರಮಾಣಪತ್ರವಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ದಿನಗೂಲಿಯಲ್ಲೇ ದುಡಿದಿದ್ದಾರೆ. ಇದು ಅನ್ಯಾಯ ಎಂದು ಹೇಳಲು ಯಾವ ಸಂಶೋಧನೆಯೂ ಬೇಕಿಲ್ಲ.

ಬಾಯಲ್ಲಿ ಹೇಳಲಾಗದ ಆದರೆ ಕೈಗೆ ಗೊತ್ತಿರುವ ಇಂಥ ಜ್ಞಾನದ ಬಗ್ಗೆ ತತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲೇ ಬರೆದರು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಮುಂದೆ ರಾತ್ರಿಯಿಡೀ ಕೂರುವ ರೈತರಲ್ಲೂ ಅದೇ ಜ್ಞಾನವಿದೆ. ಕಡ್ಡಿಗೆ ಕಟ್ಟಿದ ಹಸಿ ಎಲೆ ಮೊದಲು ಕಡಿಮೆ ಶಾಖದಲ್ಲಿ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕಡೆಗೆ 70 ಡಿಗ್ರಿ ಆಸುಪಾಸಿನಲ್ಲಿ ನಡುನರವೂ ಒಣಗಬೇಕು. ಒಂದು ಹಂತದಲ್ಲಿ ಅವಸರ ಮಾಡಿದರೆ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ. ಥರ್ಮಾಮೀಟರ್ ಇದ್ದರೂ ಬಾಗಿಲು ತೆರೆದು ಎಲೆ ಮುಟ್ಟಿ ನೋಡದೆ ಯಾರಿಗೂ ಸಮಾಧಾನವಿಲ್ಲ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಈ ಬೆಳೆ ಇಂದಲ್ಲ ನಾಳೆ ಕುಗ್ಗಲೇಬೇಕು. ಬ್ಯಾರನ್ ಮುಂದೆ ಕೂತಿದ್ದವರ ಮಕ್ಕಳು ಬೇರೆ ಕೆಲಸಕ್ಕೆ ಹೋಗುವಾಗ ಅಪ್ಪಂದಿರ ತಾಳ್ಮೆ, ಸೂಕ್ಷ್ಮ ಗಮನ ಜೊತೆಗೆ ಬರುತ್ತವೆಯೇ? ತಾನಾಗಿ ಬರುವುದಿಲ್ಲ. ಯಾರಾದರೂ ಕಲಿಸಿದರೆ ಬರುತ್ತದೆ ಎಂಬುದಕ್ಕೆ ಪುರಾವೆಯಿದೆ, ಅದೂ ಕರ್ನಾಟಕದಲ್ಲೇ.

ಶಾಹಿ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಬೆಂಗಳೂರಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ 2013ರಲ್ಲಿ ಒಂದು ಪ್ರಯೋಗ ಶುರುವಾಯಿತು. ಅದರ ಲೆಕ್ಕಾಚಾರ ನೋಡಿಕೊಂಡವರು ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಷಾಧಮ್ ಎಂಬ ಅರ್ಥಶಾಸ್ತ್ರಜ್ಞರು. ಗ್ಯಾಪ್ ಕಂಪನಿ ರೂಪಿಸಿದ್ದ ‘ಪೇಸ್’ ಎಂಬ ತರಬೇತಿಗೆ ಸೇರಲು 2,703 ಮಹಿಳೆಯರು ಹೆಸರು ಕೊಟ್ಟರು. ಯಾರಿಗೆ ತರಬೇತಿ ಸಿಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಹೊಸ ಔಷಧ ಪರೀಕ್ಷಿಸುವಾಗ ಅನುಸರಿಸುವ ಕ್ರಮವೇ ಇದು. ಹೀಗೆ ಮಾಡಿದರೆ ಮಾತ್ರ ಜಾಣೆಯರೇ ತರಬೇತಿಗೆ ಸೇರಿ ಫಲಿತಾಂಶ ಚೆನ್ನಾಗಿ ಬಂತೇ, ಅಥವಾ ತರಬೇತಿಯಿಂದಲೇ ಬಂತೇ ಎಂಬುದು ತಿಳಿಯುತ್ತದೆ.

ಹೊಲಿಗೆಯ ಒಂದು ಪಾಠವೂ ಆ ತರಬೇತಿಯಲ್ಲಿರಲಿಲ್ಲ. ವಾರಕ್ಕೆ ಎರಡು ಗಂಟೆಯಂತೆ ಸುಮಾರು ಒಂದು ವರ್ಷ, ಒಟ್ಟು 80 ಗಂಟೆ. ಸೂಪರ್‌ವೈಸರ್ ಹತ್ತಿರ ಅಳುಕಿಲ್ಲದೆ ಮಾತಾಡುವುದು ಹೇಗೆ, ಸಮಸ್ಯೆಯನ್ನು ಬಿಡಿಸಿ ನೋಡುವುದು ಹೇಗೆ, ಒತ್ತಡ ಮತ್ತು ಸಮಯ ನಿಭಾಯಿಸುವುದು ಹೇಗೆ, ಹಣ ಕೂಡಿಡುವುದು, ಆರೋಗ್ಯ, ಕಾನೂನು. ಟಾರ್ಗೆಟ್ ಹಿಂದೆ ಓಡುವ ಅಸೆಂಬ್ಲಿ ಲೈನಿನಲ್ಲಿ ಒಬ್ಬಳ ಕೈ ನಿಧಾನವಾದರೆ ಮುಂದಿನವಳ ಮೇಜು ಖಾಲಿ, ಹಿಂದಿನವಳ ಮೇಜಿನಲ್ಲಿ ರಾಶಿ. ‘ನನಗೆ ಈ ಕಾಲರ್ ಬರುತ್ತಿಲ್ಲ ಅಕ್ಕ, ಸ್ವಲ್ಪ ತೋರಿಸಿಕೊಡಿ’ ಎಂದು ಬಾಯಿಬಿಟ್ಟು ಕೇಳುವುದು ಅಲ್ಲಿ ಸೂಜಿಯಷ್ಟೇ ಮುಖ್ಯ ಸಾಧನ.

ಫಲಿತಾಂಶ ಹೀಗಿತ್ತು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇಕಡ 13.5ರಷ್ಟು ಹೆಚ್ಚಾಯಿತು. ಕ್ಲಿಷ್ಟ ಹೊಲಿಗೆಗಳನ್ನು ಅವರಿಗೆ ವಹಿಸುವುದೂ ಹೆಚ್ಚಿತು. ಅದೇ ಲೈನಿನಲ್ಲಿದ್ದ, ತರಬೇತಿ ಸಿಗದ ಗೆಳತಿಯರ ಕೆಲಸವೂ ಸುಧಾರಿಸಿತು. ತರಬೇತಿ ಮುಗಿದ ಎಂಟು ತಿಂಗಳೊಳಗೆ ಕಂಪನಿಗೆ ಸಿಕ್ಕ ನಿವ್ವಳ ಲಾಭ, ಹಾಕಿದ ಹಣದ ಶೇಕಡ 256. ಮೃದು ಕೌಶಲ ಎಂದು ಹಗುರವಾಗಿ ಕರೆಯುವ ಸಂಗತಿಗೆ ಇಷ್ಟು ಗಟ್ಟಿಯಾದ ಲೆಕ್ಕ ಜಗತ್ತಿನಲ್ಲಿ ಹೆಚ್ಚು ಕಡೆ ಸಿಕ್ಕಿಲ್ಲ.

ಇದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ಭಾಷಣಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ತರಬೇತಿ ಪಡೆದ ಮಹಿಳೆಯರ ಕೂಲಿ ಏರಿದ್ದು ಸುಮಾರು ಶೇಕಡ 0.5. ಕೌಶಲ ಅವರದು, ಫಲ ಹೆಚ್ಚುಕಡಿಮೆ ಪೂರ್ತಿ ಕಂಪನಿಯದು. ಹೊಲಿಗೆ ಬಲ್ಲವಳು ಪಕ್ಕದ ಕಾರ್ಖಾನೆಗೆ ಹೋದರೆ ಯಂತ್ರದ ಮುಂದೆ ಕೂರಿಸಿ ಕೈಚಳಕ ಪರೀಕ್ಷಿಸಬಹುದು. ಅವಳು ಲೈನಿನ ಹತ್ತು ಜನರನ್ನು ಒಟ್ಟಿಗೆ ಕರೆದೊಯ್ಯಬಲ್ಲಳು ಎಂಬುದು ಹೊಸ ಮಾಲೀಕನಿಗೆ ಹೇಗೆ ಕಾಣಬೇಕು? ಕಣ್ಣಿಗೆ ಕಾಣದ ಕೌಶಲಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹುಟ್ಟುವುದಿಲ್ಲ. ಭಾವನಾತ್ಮಕ ಬುದ್ಧಿಮತ್ತೆಯ ಬಗ್ಗೆ ಮಾತಾಡುವವರೆಲ್ಲ ಮೊದಲು ಈ ಗಂಟನ್ನು ಬಿಡಿಸಬೇಕು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಿಕೆಯರನ್ನು ಅಧ್ಯಯನ ಮಾಡಿ, ನಗುವುದೂ ಸಹಿಸುವುದೂ ಕೆಲಸವೇ, ಅದಕ್ಕೂ ದಣಿವಿದೆ ಎಂದು ತೋರಿಸಿದ್ದರು. ಎಚ್.ಡಿ. ಕೋಟೆಯ ಗಿರಿಜನ ಹಾಡಿಗಳಿಗೆ ನಡೆದು ಹೋಗುವ ಆಶಾ ಕಾರ್ಯಕರ್ತೆಗೆ ಇದನ್ನು ವಿವರಿಸಬೇಕಿಲ್ಲ. ಆಸ್ಪತ್ರೆಯ ಹೆರಿಗೆಗೆ ಹೆದರುವ ಬಸುರಿ, ಒಪ್ಪದ ಅತ್ತೆ, ಕುಡಿದು ಬಂದ ಗಂಡ, ರಾತ್ರಿ ಬಾರದ ಆಂಬುಲೆನ್ಸ್. ಇವರೆಲ್ಲರ ಸಿಟ್ಟು ಸೆಡವುಗಳ ನಡುವೆ ದಾರಿ ಮಾಡಿ ತಾಯಿ ಮಗುವನ್ನು ಉಳಿಸುವುದು ಯಾವ ದೊಡ್ಡ ಕಂಪನಿಯ ಮ್ಯಾನೇಜರಿಗೂ ಸುಲಭವಲ್ಲ. ಆ ಕೆಲಸಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಸಿಗುವುದು ಗೌರವಧನ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತ ಮೇಲೆಯೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿದ್ದು.

ಇನ್ನು ಮಕ್ಕಳ ವಿಷಯ.

ಮನಸ್ಸಿನ ಹಿಡಿತದ ಬಗ್ಗೆ ಮಾತು ಬಂದರೆ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಪ್ರಯೋಗದ ಹೆಸರು ಬರಲೇಬೇಕು. ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಮಗುವಿನ ಮುಂದೆ ಒಂದು ಸಿಹಿ ಇಟ್ಟು, ಈಗಲೇ ತಿನ್ನದೆ ಕಾದರೆ ಎರಡು ಸಿಗುತ್ತದೆ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಮುಂದೆ ಬಂದರು ಎಂಬ ಫಲಿತಾಂಶ ದಶಕಗಳ ಕಾಲ ತರಬೇತಿ ಶಿಬಿರಗಳ ಪ್ರೀತಿಯ ಕಥೆಯಾಯಿತು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದರು. ಮನೆಯ ಆದಾಯ, ತಾಯಿಯ ಓದು ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಬಹಳಷ್ಟು ಕರಗಿತು. ಅದಕ್ಕೂ ಮುಂಚೆ, 2013ರಲ್ಲಿ, ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಇನ್ನೂ ಸೂಕ್ಷ್ಮವಾದ ಪ್ರಯೋಗ ಮಾಡಿದ್ದರು. ಸಿಹಿ ಇಡುವುದಕ್ಕೆ ಮೊದಲೇ ಕೆಲವು ಮಕ್ಕಳಿಗೆ ಚಿತ್ರ ಬಿಡಿಸುವ ಒಳ್ಳೆಯ ಸಾಮಗ್ರಿ ತರುತ್ತೇನೆಂದು ಮಾತು ಕೊಟ್ಟು ತಂದರು, ಇನ್ನು ಕೆಲವರಿಗೆ ಮಾತು ತಪ್ಪಿದರು. ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಎದುರು 3 ನಿಮಿಷ. ಕಾಯದ ಮಗುವಿನಲ್ಲಿ ಕೊರತೆಯೇನಿರಲಿಲ್ಲ. ದೊಡ್ಡವರನ್ನು ನಂಬಬೇಕೋ ಬೇಡವೋ ಎಂದು ಅದು ಸರಿಯಾಗಿಯೇ ಲೆಕ್ಕ ಹಾಕಿತ್ತು.

ಈ ಫಲಿತಾಂಶ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟು ತುಂಬಿತು, ವನ್ಯಜೀವಿ ಕಾಯ್ದೆ ಬಂತು, ಜೇನು ಕುರುಬ, ಕಾಡು ಕುರುಬ, ಯರವ ಕುಟುಂಬಗಳು ಕಾಡಿನಿಂದ ಹೊರಬಿದ್ದವು. ಭೂಮಿ, ಮನೆ, ಕೆಲಸದ ಮಾತುಗಳನ್ನು ಅವರು ಹಲವರ ಬಾಯಲ್ಲಿ ಕೇಳಿದರು, ಕೈಗೆ ಬಂದದ್ದು ಅಷ್ಟಕ್ಕಷ್ಟೆ. ಅಂಥ ಹಾಡಿಯ ಮಗು ಶಾಲೆಯಲ್ಲಿ ನಾಳೆಗಾಗಿ ಕಾಯುವುದಿಲ್ಲ ಎಂದು ಮೇಷ್ಟ್ರು ಬೈದರೆ ತಪ್ಪು ಯಾರದು?

ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1980ರ ದಶಕದ ಕೊನೆಯಲ್ಲಿ ಬ್ರಹ್ಮಗಿರಿ ಹಾಡಿಗೆ ಚಿಕಿತ್ಸೆ ನೀಡಲೆಂದು ಬಂದವರು, ದನದ ಕೊಟ್ಟಿಗೆಯೊಂದರಲ್ಲಿ ಶಾಲೆ ಶುರು ಮಾಡಿದರು. ಮುಂದೆ ಅದು ಹೊಸಹಳ್ಳಿಯ ವಿವೇಕ ಗಿರಿಜನ ಕಲಿಕಾ ಕೇಂದ್ರವಾಗಿ ಬೆಳೆಯಿತು. ಕೆಂಚನಹಳ್ಳಿಯಲ್ಲಿ, ಈಗ ಬೇರೆ ತಾಲ್ಲೂಕಾಗಿರುವ ಸರಗೂರಿನಲ್ಲಿ ಆಸ್ಪತ್ರೆಗಳು ಎದ್ದವು. ಹೋದವರು ಹಿಂದಿರುಗಿ ಬರುತ್ತಾರೆ, ಆಡಿದ ಮಾತು ನಡೆಯುತ್ತದೆ ಎಂಬುದನ್ನು ಆ ಮಕ್ಕಳು ವರ್ಷದಿಂದ ವರ್ಷಕ್ಕೆ ಕಂಡರು. ಕಟ್ಟಡ, ಪುಸ್ತಕಗಳಿಗಿಂತ ದೊಡ್ಡ ಬಂಡವಾಳ ಅದೇ.

ಪ್ರತಿಭೆ ಎಂಬ ಮಾತಿಗೂ ಇದೇ ಅನ್ವಯಿಸುತ್ತದೆ. ಷಿಕಾಗೊದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ತಂಡ ಪಿಯಾನೊ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಹೀಗೆ 120 ಮಂದಿ ಅಪ್ರತಿಮರ ಬಾಲ್ಯವನ್ನು ಕೆದಕಿ 1985ರಲ್ಲಿ ಪುಸ್ತಕ ಪ್ರಕಟಿಸಿತು. ಅವರಲ್ಲಿ ಬಹುತೇಕರು ಚಿಕ್ಕಂದಿನಲ್ಲಿ ಪವಾಡದ ಮಕ್ಕಳೇನಲ್ಲ. ಅವರ ಮೊದಲ ಗುರುಗಳೂ ಮಹಾ ಪಂಡಿತರಲ್ಲ. ಮಗುವನ್ನು ಕಂಡರೆ ಮುಖ ಅರಳಿಸುವ, ಕಲಿಕೆಯನ್ನು ಆಟವಾಗಿಸುವ, ಚಿಕ್ಕ ಗೆಲುವಿಗೂ ಬೆನ್ನು ತಟ್ಟುವ ಅಕ್ಕರೆಯ ಮೇಷ್ಟ್ರುಗಳು. ಕಟ್ಟುನಿಟ್ಟಿನ ಪರಿಣತರು ಬಂದದ್ದು ಆಮೇಲೆ. ಅಕ್ಕರೆ ಮೊದಲು, ಶಿಸ್ತು ನಂತರ. ನಮ್ಮ ಎಷ್ಟೋ ಶಾಲೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ, ಒಂದನೇ ತರಗತಿಯಲ್ಲೇ ಬೆತ್ತ.

ಪ್ರತಿಭೆಯನ್ನು ಕಂಡುಹಿಡಿಯುವ ಕಣ್ಣಿಗೂ ಈ ನೆಲದಲ್ಲಿ ದೊಡ್ಡ ಉದಾಹರಣೆ ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು 1972ರ ಚುನಾವಣೆಯಲ್ಲಿ, ಆವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಸಮುದಾಯಗಳ ಯುವಕರನ್ನು ಹುಡುಕಿ ಮುಂದೆ ತಂದರು. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಸಲ ಶಾಸಕರಾದದ್ದು ಅದೇ ವರ್ಷ. ಎದುರು ಕೂತವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಗುಣವಿಲ್ಲದೆ ಇಂಥ ಹುಡುಕಾಟ ಸಾಧ್ಯವಿಲ್ಲ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕಲಿತದ್ದು ದಿಲ್ಲಿಗೂ ತಲುಪಿತು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ನೌಕರರ ತರಬೇತಿಗಾಗಿ ‘ಮಿಷನ್ ಕರ್ಮಯೋಗಿ’ ಯೋಜನೆಗೆ ಒಪ್ಪಿಗೆ ನೀಡಿತು. ಮರುವರ್ಷ ರಚನೆಯಾದ ಸಾಮರ್ಥ್ಯ ವೃದ್ಧಿ ಆಯೋಗದಲ್ಲಿ ಮಾನವ ಸಂಪನ್ಮೂಲದ ಸದಸ್ಯರಾಗಿ ನೇಮಕವಾದವರು ಇದೇ ಬಾಲಸುಬ್ರಹ್ಮಣ್ಯಂ. ನಿಯಮ ಬಲ್ಲ ನೌಕರರಿಗಿಂತ ತಮ್ಮ ಪಾತ್ರ ಬಲ್ಲ ನೌಕರರನ್ನು ಬೆಳೆಸುವುದು ಯೋಜನೆಯ ಗುರಿ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿಗೆ ಬಂದ ಮುದುಕಿಯ ಜೊತೆ ಗುಮಾಸ್ತ ಹೇಗೆ ಮಾತಾಡುತ್ತಾನೆ ಎಂಬುದೇ ಅದರ ನಿಜವಾದ ಪರೀಕ್ಷೆ. ಆನ್‌ಲೈನ್ ಪಾಠ ನೋಡಿ ಗುಂಡಿ ಒತ್ತಿದರೆ ಆ ಪರೀಕ್ಷೆ ಪಾಸಾಗುವುದಿಲ್ಲ. ಬೈಲಕುಪ್ಪೆಯ ಅಂಗಳದಲ್ಲಾಗಲಿ ಬಳ್ಳೆಯ ಶಿಬಿರದಲ್ಲಾಗಲಿ ಕಲಿಕೆ ನಡೆಯುವುದು ಇನ್ನೊಂದು ಜೀವದ ಎದುರು, ತಪ್ಪಿದಾಗ ತಿದ್ದುವ ಹಿರಿಯರ ಪಕ್ಕದಲ್ಲಿ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಐಟಿಐ, ಪದವಿ ಕಾಲೇಜು, ಹಾಸ್ಟೆಲುಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಬೆಂಗಳೂರಿನ ಆ ಮಹಿಳೆಯರಿಗೆ ವರ್ಷದಲ್ಲಿ ಸಿಕ್ಕಿದ್ದು 80 ಗಂಟೆ. ಅಷ್ಟು ಹೊತ್ತನ್ನು ವೇಳಾಪಟ್ಟಿಯಲ್ಲಿ ಇಡಿ. ವ್ಯಕ್ತಿತ್ವ ವಿಕಸನದ ಭಾಷಣಕಾರರನ್ನು ಕರೆಸಬೇಡಿ, ಮಕ್ಕಳನ್ನೇ ಜೋಡಿ ಜೋಡಿಯಾಗಿ ಕೂರಿಸಿ ವಾದ ಮಾಡಿಸಿ, ಒಪ್ಪದಿರುವುದನ್ನು ಜಗಳವಿಲ್ಲದೆ ಹೇಳಲು ಕಲಿಸಿ. ಒಬ್ಬರು ಮಾವುತರನ್ನು, ಒಬ್ಬ ಆಶಾ ಕಾರ್ಯಕರ್ತೆಯನ್ನು ತರಗತಿಗೆ ಕರೆದು ಪಾಠ ಹೇಳಿಸಿ, ಅವರಿಗೆ ಅತಿಥಿ ಉಪನ್ಯಾಸಕರ ಸಂಭಾವನೆಯನ್ನೇ ಕೊಡಿ. ಕಾರ್ಖಾನೆಯವರು ಇಂಥ ತರಬೇತಿ ನಡೆಸಲು ಬಂದರೆ ಸ್ವಾಗತಿಸಿ, ಆದರೆ ಕಲಿತವರ ಕೈಗೆ ಬೇರೆ ಕಡೆಯೂ ನಡೆಯುವ ಪ್ರಮಾಣಪತ್ರ ಕೊಡುತ್ತೀರಾ, ಕೂಲಿ ಎಷ್ಟು ಏರಿಸುತ್ತೀರಿ ಎಂದು ಮೊದಲ ದಿನವೇ ಕೇಳಿ.